ಕೆರೆಯ ಮೀನಿನ ಅಂದಾಜು

ಹಲಗೂರು ಕಡೆಯ ಒಂದು ಕೆರೆಯಲ್ಲಿ ಎಷ್ಟು ಮೀನಿದೆ ಎಂದು ಅಂದಾಜು ಮಾಡುವ ಕೆಲಸ ಬಂದಾಗ ನಾನು ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವ ಮೊದಲು ಊರಿನ ಕೆರೆ ಸಮಿತಿಗೆ ಒಂದು ವರದಿ ಬೇಕಿತ್ತು. ಮರಿ ಬಿಟ್ಟಿದ್ದೇವೆ, ಆದ್ದರಿಂದ ಕೆರೆ ತುಂಬ ಮೀನಿದೆ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ನನ್ನಿಂದ ಬೇಕಾಗಿದ್ದದ್ದು ಸಹಿ ಮಾತ್ರ.

ಅಲ್ಲಿ ಮೀನು ಹಿಡಿಯುತ್ತಿದ್ದ ಗಂಡ ಹೆಂಡತಿಯ ತೆಪ್ಪ ಹತ್ತಿದೆ. ಕಾಲೇಜಿನ ಮೇಡಂ ಸೀರೆ ಎತ್ತಿಕಟ್ಟಿ ತೆಪ್ಪದಲ್ಲಿ ಕೂರುವುದನ್ನು ನೋಡಲು ಏರಿಯ ಮೇಲೆ ಜನ ಸೇರಿದ್ದರು. ಬಲೆಗೆ ಬಿದ್ದ ಮೀನುಗಳ ರೆಕ್ಕೆಯ ತುದಿಯನ್ನು ಚೂರೇ ಚೂರು ಕತ್ತರಿಸಿ, ಗುರುತು ಮಾಡಿ, ಮತ್ತೆ ನೀರಿಗೆ ಬಿಟ್ಟೆವು. ಅವು ಉಳಿದ ಮೀನುಗಳ ಜೊತೆ ಬೆರೆಯಲಿ ಎಂದು ಒಂದಷ್ಟು ದಿನ ಕಾದು ಪುನಃ ಬಲೆ ಹಾಕಿದೆವು. ಕೆರೆಯಲ್ಲಿ ಮೀನು ತುಂಬಿದ್ದರೆ ಗುರುತಿನವು ಅಪರೂಪಕ್ಕೆ ಸಿಗಬೇಕಿತ್ತು. ನಮಗೆ ಸಿಕ್ಕಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ನಾವು ಗುರುತು ಮಾಡಿದವೇ. ಮೀನು ಕಡಿಮೆಯಿದೆ, ಈ ವರ್ಷ ಬೆಳೆಯಲು ಬಿಡಿ ಎಂದು ಬರೆದೆ.

ಸಮಿತಿಯ ಯಜಮಾನರು ಓದಿಸಿಕೊಂಡು ಕೇಳಿದರು: "ಎಲ್ಡು ದಪ ಬಲೆ ಆಕ್ಬುಟ್ಟು ಇಡೀ ಕೆರೆ ಲೆಕ್ಕ ಯೋಳ್ತೀಯಲ್ಲ ಕಣಮ್ಮ, ನೀರೊಳಗೆ ಮುಳುಗಿ ನೋಡ್ಕಬಂದ್ಯಾ?"

ನಾನು ಕೊತ್ತತ್ತಿಯ ರೈತರ ಮನೆಯವಳು. ಆ ದನಿ ನನಗೆ ಹೊಸದಲ್ಲ. "ಜಾಗ ನೀವೇ ತೋರ್ಸಿ. ಅಲ್ಲೇ ಆಕಾನ" ಎಂದೆ.

ಅವರು ತೂಬಿನ ಹತ್ತಿರ ತೋರಿಸಿದರು. ಅಲ್ಲೂ ಕತ್ತರಿಸಿದ ರೆಕ್ಕೆಯವೇ ಮತ್ತೆ ಮತ್ತೆ ಸಿಕ್ಕವು. ಯಜಮಾನರು ಎದ್ದು ಹೋದರು.

ಎರಡು ದಿನಕ್ಕೆ ಕಾಲೇಜಿನ ಹಿರಿಯರೊಬ್ಬರು ನನ್ನನ್ನು ಕರೆಸಿದರು. ಊರಿನವರನ್ನು ಯಾಕೆ ಎದುರು ಹಾಕಿಕೊಳ್ಳುತ್ತೀರಿ, ಅಂದಾಜು ತಾನೆ, ಸ್ವಲ್ಪ ಏರಿಸಿ ಎಂದರು. ಅಂದಾಜು ತಪ್ಪಬಹುದು, ಎಷ್ಟು ತಪ್ಪಬಹುದು ಎಂಬುದನ್ನೂ ವರದಿಯಲ್ಲೇ ಹೇಳಿದ್ದೇನೆ, ಅದರಾಚೆಗೆ ಒಂದು ಮೀನನ್ನೂ ಸೇರಿಸುವುದಿಲ್ಲ ಎಂದೆ.

ಸಮಿತಿಯವರು ವರದಿಯನ್ನು ಪಕ್ಕಕ್ಕಿಟ್ಟು ಹರಾಜು ನಡೆಸಿದರು. ಮರುವರ್ಷ ಎಣಿಕೆಗೆ ನನ್ನನ್ನು ಕರೆಯಲಿಲ್ಲ. ಒಂದು ಭಾನುವಾರ ನಾನೇ ಬಸ್ಸು ಹತ್ತಿ ಹೋದೆ. ಏರಿಯ ಮೇಲೆ ಎದುರಾದ ಯಜಮಾನರು ಯಾರು ಕಳಿಸಿದ್ದು ಎಂದು ವಿಚಾರಿಸಿದರು. ಯಾರೂ ಇಲ್ಲ ಎಂದೆ.

"ಬುಡು ಅಂದ್ರೂ ಬುಡಾಕಿಲ್ವಲ್ಲಮ್ಮ ನೀನು."

"ಬುಡಾಕಿಲ್ಲ" ಎಂದು ಹೇಳಿ ತೆಪ್ಪದ ಕಡೆ ನಡೆದೆ.

ಅಂದು ಗುರುತು ಮಾಡಿ ಬಿಟ್ಟು, ಮುಂದಿನ ಭಾನುವಾರ ಮತ್ತೆ ಬಲೆ ಹಾಕಿ ನೋಡಿದರೆ ಮೀನಿನ ಸಂಖ್ಯೆ ಇನ್ನೂ ಇಳಿದಿತ್ತು. ಆ ಅಂದಾಜನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಮಿತಿಯ ಬಾಗಿಲಿಗೆ ಅಂಟಿಸಿ ಬಂದೆ. ಈಗಲೂ ವರ್ಷಕ್ಕೊಮ್ಮೆ ಅಂಟಿಸುತ್ತೇನೆ. ಹರಿದು ಹಾಕುವವರು ಓದಿಯೇ ಹರಿಯುತ್ತಾರೆ.