ಗಂಧ ಹಚ್ಚಿದ ಫ್ಲಾಪಿ

ಆಯುಧ ಪೂಜೆಗೆ ಫ್ಲಾಪಿಗೆ ಗಂಧ ಹಚ್ಚಬಾರದು ಅಂತ ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ.

ಎಂಬತ್ತರ ದಶಕದ ಕೊನೆ. ಅಕ್ಕ, ನಾನು ಸೇರಿ ಮೂಡುಬಿದಿರೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದೆವು. ಭಾವ ಗಲ್ಫಿನಿಂದ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ತಂದು ಅಲ್ಲಿಟ್ಟಿದ್ದರು. ಮೊದಲು ಡಾಸ್ ಅನ್ನುವ ಮೂಲ ಪ್ರೋಗ್ರಾಂ ಇದ್ದ ಫ್ಲಾಪಿ ಹಾಕಿ ಕಂಪ್ಯೂಟರನ್ನು ಎಬ್ಬಿಸಬೇಕು, ಆಮೇಲೆ ಪ್ರಿಂಟರಿನ ಡ್ರೈವರ್ ಇದ್ದ ಫ್ಲಾಪಿ. ಡ್ರೈವರ್ ಅಂದರೆ ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ಅರ್ಥ ಮಾಡಿಸುವ ಪ್ರೋಗ್ರಾಂ. ಕನ್ನಡ ಅಕ್ಷರ ಬರುತ್ತಿದ್ದದ್ದು ಅದರಿಂದಲೇ.

ಮಿಜಾರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ ಮಹಾಸಭೆಯ ನೋಟಿಸನ್ನು ಅಕ್ಕನಿಗೆ ಒಪ್ಪಿಸಿದ್ದರು. ಕಂಪ್ಯೂಟರಿನಲ್ಲಿ ಚಂದ ಬಂದರೆ ಸೊಸೈಟಿಯ ಕೆಲಸವೆಲ್ಲ ಇನ್ನು ನಿಮಗೇ ಅಂದಿದ್ದರು. ಅಕ್ಕನಿಗೆ ಅದು ಬೇಕೇಬೇಕಿತ್ತು. ಆ ಪೆಟ್ಟಿಗೆ ಗಂಡನ ಶೋಕಿ ಅಂತ ಊರವರು ಆಡುವುದನ್ನು ಕೇಳಿ ಅವಳಿಗೆ ಸಾಕಾಗಿತ್ತು.

ಅಷ್ಟರಲ್ಲಿ ಭಾವ ರಜೆಯಲ್ಲಿ ಬಂದರು, ಡಾಸಿನ ಹೊಸ ಆವೃತ್ತಿ ತಂದರು. ಹಾಕಿದೆವು, ಕಂಪ್ಯೂಟರ್ ಎದ್ದಿತು. ಹಳೆಯ ಡಾಸಿನ ಫ್ಲಾಪಿ ಇಷ್ಟು ದಿನ ದುಡಿದಿದೆಯಲ್ಲ ಅಂತ ಅದನ್ನು ಆಯುಧ ಪೂಜೆಗೆ ಟೈಪ್‌ರೈಟರುಗಳ ಜೊತೆ ಇಟ್ಟೆವು. ಅಮ್ಮ ಎಲ್ಲದಕ್ಕೂ ಧಾರಾಳವಾಗಿ ಗಂಧ ಹಚ್ಚಿದರು. ಟೈಪ್‌ರೈಟರುಗಳಿಗೆ ಏನೂ ಆಗಲಿಲ್ಲ. ಫ್ಲಾಪಿಯ ಕಿಂಡಿಯೊಳಗೆ ಗಂಧ ಇಳಿಯಿತು.

ಪೂಜೆ ಮುಗಿಸಿ ನೋಟಿಸ್ ಪ್ರಿಂಟ್ ಮಾಡಲು ಕೂತರೆ, ಡಾಸಿನ ಆವೃತ್ತಿ ಸರಿಯಿಲ್ಲ ಅಂತ ಪರದೆಯಲ್ಲಿ ಬಂತು. ಡ್ರೈವರ್ ಹಳೆಯ ಡಾಸಿಗೆ ಮಾಡಿದ್ದು, ಹೊಸದರಲ್ಲಿ ನಡೆಯುವುದಿಲ್ಲ. ಹಳೆಯ ಫ್ಲಾಪಿಯನ್ನು ಒರೆಸಿ ಹಾಕಿದರೆ ಕಂಪ್ಯೂಟರ್ ಅದನ್ನು ಓದಲೇ ಇಲ್ಲ.

"ಹೊಸತಲ್ವಾ, ಬೇಗ ಓಡ್ತದೆ," ಅಂದರು ಭಾವ.

"ಓಡಿ ಎಂತ ಮಾಡುದು? ನನ್ನ ನೋಟಿಸ್ ಎಲ್ಲುಂಟು ಹೇಳಿ," ಅಂದಳು ಅಕ್ಕ.

ಕೊನೆಗೆ ಟೈಪ್‌ರೈಟರಿನಲ್ಲೇ ಸ್ಟೆನ್ಸಿಲ್ ಹೊಡೆದು, ಪ್ರತಿ ತೆಗೆಸಿ ಕೊಟ್ಟಳು. ಕಾರ್ಯದರ್ಶಿ ತಿರುಗಿಸಿ ಮುರುಗಿಸಿ ನೋಡಿದರು.

"ಟೈಪಿನದ್ದಾದ್ರೆ ನಮ್ಮಲ್ಲೂ ಮಿಷನ್ ಉಂಟಲ್ಲ ಅಕ್ಕಾ."

ಅಲ್ಲಿಗೆ ಸೊಸೈಟಿಯ ಕೆಲಸ ಹೋಯಿತು.

ಭಾವ ಮರಳಿ ಹೋದ ಮೇಲೆ ಹಳೆಯ ಡಾಸನ್ನು ಎಲ್ಲೋ ಹುಡುಕಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿದರು. ಪ್ರಿಂಟರ್ ಕರಕರ ಅಂತ ಮೊದಲು ಹೊಡೆದದ್ದು ಮುಗಿದುಹೋದ ಸಭೆಯ ನೋಟಿಸನ್ನೇ. ಅಕ್ಕ ಅದನ್ನು ಬಸ್ಸಿನಲ್ಲಿ ಮಿಜಾರಿಗೆ ಒಯ್ದಳು. ಕಾರ್ಯದರ್ಶಿ ಪೂರ್ತಿ ಓದಿ ಬೋರ್ಡಿಗೆ ಪಿನ್ ಹೊಡೆದರು. ಮುಂದಿನ ಸಭೆಯ ನೋಟಿಸ್ ನಮ್ಮಲ್ಲಿಗೇ ಬಂತು.

ಆಮೇಲಿನ ಆಯುಧ ಪೂಜೆಗೆ ಅಮ್ಮ ಫ್ಲಾಪಿ ಕೇಳಿದರು. ಅಕ್ಕ ಹೊಸ ಆವೃತ್ತಿಯದ್ದನ್ನು ಕೊಟ್ಟಳು.