ಇಂಟು ಹಾಕಿದ ಸೌರಮಂಡಲ

ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ತಂದೆ. ಬಾಗಿಲಿಗೆ ಸಗಣಿ ನೀರು ಚಿಮುಕಿಸಿ ಎರಡೆಳೆ ರಂಗೋಲಿ ಎಳೆದೆ. ಲಾಂದ್ರದ ಗಾಜನ್ನು ಬೂದಿಯಲ್ಲಿ ತಿಕ್ಕಿ ಒರೆಸಿದೆ. ಅವರೆಕಾಯಿ ಸುಲಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಸೊರಗಿದ ಟಾರ್ಚಿನ ಸೆಲ್ಲು ಎರಡನ್ನು ಜಗಲಿಯ ಮೇಲೆ ಬಿಸಿಲಿಗಿಟ್ಟೆ. ಅವು ಕಾದ ಮೇಲೆ ಒಳಗೆ ತಂದು, ಸೌರಮಂಡಲದ ಕೆಳಗಿದ್ದ ಮರದ ಡಬ್ಬಿಗೆ ಹಾಕಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಪರೀಕ್ಷೆಗೆ ಕುಳಿತೆ.

ಆ ಭಾನುವಾರದ ವಿಷಯ ಹೇಳುವ ಮೊದಲು ಆ ದಿನಗಳ ವಿಷಯ ಹೇಳಬೇಕು. ಅರವತ್ತರ ದಶಕದ ಮೊದಲ ವರ್ಷಗಳು. ಬ್ಯಾಟರಾಯನಪುರ ಆಗಿನ್ನೂ ಬೆಂಗಳೂರಿಗೆ ಸೇರಿರಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಒಂದು ಬಸ್ಸು ಹೋದರೆ ಮುಂದಿನದು ಬರುವಷ್ಟರಲ್ಲಿ ಧೂಳೆಲ್ಲ ನೆಲಕ್ಕಿಳಿದು ಕೋಳಿಗಳು ರಸ್ತೆಯ ನಡುವೆ ಬಂದಿರುತ್ತಿದ್ದವು. ನನಗೆ ಹತ್ತು ವರ್ಷ. ಅಮ್ಮ ಹೆರಿಗೆಗೆಂದು ಸೋಲದೇವನಹಳ್ಳಿಯ ತವರಿಗೆ ಹೋಗಿದ್ದಳು. ಚಿಕ್ಕವನೆಂದು ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದಳು, ಸ್ಕೂಲು ತಪ್ಪುತ್ತದೆಂದು ನನ್ನನ್ನು ಬಿಟ್ಟು ಹೋದಳು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅಣ್ಣ. ನಮ್ಮ ಕಡೆ ಅಪ್ಪನನ್ನೇ ಅಣ್ಣ ಎನ್ನುತ್ತಿದ್ದೆವು.

ಅಣ್ಣ ಯಶವಂತಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರು. ನಿವೃತ್ತರಾದ ವಿಜ್ಞಾನದ ಮೇಷ್ಟ್ರೊಬ್ಬರು ಅದನ್ನು ನಡೆಸುತ್ತಿದ್ದರು. ಸ್ಕೂಲುಗಳಿಗೆ ಬೇಕಾದ ತಕ್ಕಡಿ, ಆಯಸ್ಕಾಂತ, ಭೂಗೋಳ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಆ ವರ್ಷ ಮೇಷ್ಟ್ರಿಗೆ ಮೋಟಾರಿನಿಂದ ತಿರುಗುವ ಸೌರಮಂಡಲ ಮಾಡಿಸುವ ಹುಚ್ಚು ಹಿಡಿಯಿತು. ಮರದ ಡಬ್ಬಿಯೊಳಗೆ ಮೋಟಾರು, ಹಿತ್ತಾಳೆಯ ಹಲ್ಲುಚಕ್ರಗಳು. ಮೇಲೆ ಹಳದಿ ಬುರುಡೆಯೊಳಗೆ ಪುಟ್ಟ ಬಲ್ಬು, ಅದೇ ಸೂರ್ಯ. ಸುತ್ತ ತಂತಿಗಳ ತುದಿಯಲ್ಲಿ ಬಣ್ಣ ಹಚ್ಚಿದ ಮರದ ಗುಂಡುಗಳು. ಬುಧನಿಂದ ಶನಿಯವರೆಗಿನವು ಸುತ್ತುತ್ತಿದ್ದವು. ಆಚೆಯ ಮೂರು ಗ್ರಹಗಳನ್ನು ಸುಮ್ಮನೆ ತಂತಿಗೆ ಚುಚ್ಚಿ ನಿಲ್ಲಿಸಿದ್ದರು. ಅವಕ್ಕೂ ಚಕ್ರ ಕೂಡಿಸಿದರೆ ಡಬ್ಬಿ ಹಿಡಿಸುವುದಿಲ್ಲವಂತೆ.

ಮೇಷ್ಟ್ರ ಮಾತೊಂದಿತ್ತು: ಮಕ್ಕಳ ಸಾಮಾನನ್ನು ದೊಡ್ಡವರು ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ದೊಡ್ಡವರು ಮುಟ್ಟಬಾರದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಶನಿವಾರ ಅಣ್ಣ ಒಂದು ಸೌರಮಂಡಲವನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತರತೊಡಗಿದ. ಭಾನುವಾರ ನಾನು ಪರೀಕ್ಷೆ ಮಾಡಬೇಕು. ಡಬ್ಬಿಯ ತಳದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಚೆನ್ನಾಗಿದ್ದರೆ ರೈಟು, ಇಲ್ಲದಿದ್ದರೆ ಇಂಟು.

ಪರೀಕ್ಷೆಯ ಕ್ರಮವನ್ನು ಅಣ್ಣನೇ ಹೇಳಿಕೊಟ್ಟಿದ್ದ. ಮೊದಲು ಡಬ್ಬಿಗೆ ಕಿವಿ ಕೊಡಬೇಕು. ಜೀರುಂಡೆಯ ಹಾಗೆ ಒಂದೇ ಸಮನೆ ಸದ್ದಾದರೆ ಸರಿ, ನಡುನಡುವೆ ಹಲ್ಲು ಕಡಿದ ಹಾಗಾದರೆ ಚಕ್ರ ಕೂತಿಲ್ಲ. ಒದ್ದೆ ಬಟ್ಟೆಯಲ್ಲಿ ಗ್ರಹಗಳನ್ನು ಉಜ್ಜಬೇಕು. ಬಣ್ಣ ಬಿಟ್ಟರೆ ಇಂಟು, ಯಾಕೆಂದರೆ ಯಾವುದಾದರೂ ಮಗು ಮಂಗಳನನ್ನು ಬಾಯಿಗಿಟ್ಟುಕೊಂಡೇ ತೀರುತ್ತದೆ. ತಂತಿಯ ತುದಿಗಳ ಮೇಲೆ ಲಂಗದ ಅಂಚನ್ನು ಎಳೆಯಬೇಕು. ಎಳೆ ಸಿಕ್ಕಿದರೆ ಬೆರಳಿಗೂ ಚುಚ್ಚುತ್ತದೆಂದು ಅರ್ಥ. ತಿರುಗುವ ಭೂಮಿಯನ್ನು ಬೆರಳಿನಿಂದ ತಡೆದು ನಿಲ್ಲಿಸಬೇಕು. ಒಳಗಿನ ನೂಲಿನ ಪಟ್ಟಿ ಜಾರಿ, ಬೆರಳು ತೆಗೆದಾಗ ಭೂಮಿ ತಾನಾಗಿ ಮತ್ತೆ ಹೊರಡಬೇಕು. ಕೊನೆಯದು ಚಂದ್ರ. ಒಲೆಯ ಮೇಲೆ ಅನ್ನಕ್ಕಿಟ್ಟಾಗಿನಿಂದ ಗಂಜಿ ಬಸಿಯುವ ತನಕ ಚಂದ್ರ ಒಂದು ಸಲವೂ ಭೂಮಿಗೆ ತಾಗದೆ, ಎಲ್ಲೂ ನಿಲ್ಲದೆ ಸುತ್ತಬೇಕು. ಮನೆಯಲ್ಲಿ ಗಡಿಯಾರವಿರಲಿಲ್ಲ. ಅನ್ನ ಮಾಡುತ್ತಿದ್ದದ್ದೂ ಭಾನುವಾರ ಮಾತ್ರ, ಹಾಗಾಗಿ ಎರಡೂ ಕೂಡಿ ಬರುತ್ತಿದ್ದವು.

ಮೊದಲ ನಾಲ್ಕು ಸೌರಮಂಡಲಗಳನ್ನು ನಾನು ಹೀಗೇ, ಒಂದು ಚೂರೂ ಮೋಸವಿಲ್ಲದೆ ನೋಡಿದೆ. ಎರಡಕ್ಕೆ ರೈಟು, ಎರಡಕ್ಕೆ ಇಂಟು. ರೈಟು ಬಿದ್ದದ್ದು ಸೋಮವಾರ ಬೆಳಿಗ್ಗೆ ಕಂಬಳಿ ಸುತ್ತಿಕೊಂಡು ಹೊರಟುಹೋಗುತ್ತಿತ್ತು. ಇಂಟು ಬಿದ್ದದ್ದನ್ನು ವಾಪಸು ಒಯ್ಯಲು ಅಣ್ಣನಿಗೆ ನಾಚಿಕೆ. ಮನೆಯಲ್ಲೇ ಬಿಚ್ಚಿ, ಸರಿಮಾಡಿ, ಮುಂದಿನ ಭಾನುವಾರ ನನ್ನಿಂದ ಪಾಸು ಮಾಡಿಸಿಯೇ ಒಯ್ಯುತ್ತಿದ್ದ, ಅಲ್ಲಿಯವರೆಗೆ ಹೊಸದು ತರುತ್ತಿರಲಿಲ್ಲ.

ರಾಗಿ ಕಣದ ಕಾಲ ಅದು. ಊರಿಗೆ ಊರೇ ಸಂಜೆಯಾದರೆ ಕಣದಲ್ಲಿರುತ್ತಿತ್ತು. ನಮಗೆ ಹೊಲವಿರಲಿಲ್ಲ. ಸ್ಕೂಲಿನಿಂದ ಬಂದರೆ ಬೀದಿಯಲ್ಲಿ ನಾಯಿ ಬಿಟ್ಟು ಯಾರೂ ಇಲ್ಲ. ಪಕ್ಕದ ಮನೆಯ ಮುನಿವೆಂಕಟಮ್ಮ ದನಕ್ಕೆ ನೀರು ಕುಡಿಸಲು ಬಂದಾಗ ಕರೆಯುತ್ತಿದ್ದಳು, "ಇಂಗೆ ಒಬ್ಬಳೇ ಕುಂತಿದ್ರೆ ಗೋಡೆ ಜೊತೆ ಮಾತಾಡಕ್ಕೆ ಸುರು ಮಾಡ್ತೀಯ ಕಣಮ್ಮಿ. ಕಣಕ್ಕೆ ಬಾ." ಎರಡು ದಿನ ಹೋದೆ. ಹುಲ್ಲಿನ ಮೆದೆಯ ಮೇಲೆ ಜಾರಿದೆ, ಕೆಂಡದಲ್ಲಿ ಸುಟ್ಟ ಅವರೆಕಾಯಿ ತಿಂದೆ. ಆದರೆ ಕತ್ತಲಾಗುವಾಗ ಒಬ್ಬೊಬ್ಬರ ಅಮ್ಮನೂ ಹೆಸರು ಹಿಡಿದು ಊಟಕ್ಕೆ ಕೂಗುತ್ತಿದ್ದಳು. ನನ್ನ ಹೆಸರನ್ನು ಯಾರು ಕೂಗಬೇಕು? ಮೂರನೇ ದಿನ ಮನೆಯಲ್ಲೇ ಉಳಿದೆ. ಹುಣಸೆಬೀಜ ಹಾಕಿಕೊಂಡು ಅಳಿಗುಳಿಮಣೆ ಆಡಿದೆ, ಆ ಕಡೆಯದೂ ಈ ಕಡೆಯದೂ ನಾನೇ. ಗೆದ್ದರೂ ನಾನೇ, ಸೋತರೂ ನಾನೇ.

ಅಣ್ಣ ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಅಷ್ಟು ದೂರ ಸೈಕಲ್ಲು ತುಳಿದು ಬಂದವನು ಮುದ್ದೆ ತಿರುವಿ, ಉಂಡು, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಆದರೆ ಇಂಟು ಬಿದ್ದ ಸೌರಮಂಡಲ ಮನೆಯಲ್ಲಿದ್ದ ಎರಡು ವಾರ ಹಾಗಾಗಲಿಲ್ಲ. ಊಟವಾದ ಮೇಲೆ ಲಾಂದ್ರವನ್ನು ಹತ್ತಿರಕ್ಕೆಳೆದುಕೊಂಡು ಡಬ್ಬಿ ಬಿಚ್ಚುತ್ತಿದ್ದ. ನಾನು ಎದುರಿಗೆ ಕುಳಿತು ಬಿಚ್ಚಿದ ತಿರುಪುಗಳನ್ನು ತಟ್ಟೆಯಲ್ಲಿ ಹಿಡಿಯಬೇಕು. ಅವನ ಕೈಗೆ ಹಿತ್ತಾಳೆಯ, ಎಣ್ಣೆಯ ವಾಸನೆ. "ಸಣ್ಣದು ಕೊಡು," "ಉದ್ದಂದು ಕೊಡು," ಇಷ್ಟೇ ಮಾತು. ಇಷ್ಟಾದರೂ ಮಾತಿತ್ತು.

ಐದನೆಯದು ಬಂತು. ಅಣ್ಣನ ಕೈಯಿಂದ ಅಂಥದ್ದು ಅದುವರೆಗೂ ಬಂದಿರಲಿಲ್ಲ. ಶನಿಗೆ ತಗಡಿನ ಬಳೆ, ಭೂಮಿಗೆ ನೀಲಿ, ಚಂದ್ರನಿಗೆ ಬಿಳಿಯ ಗಾಜಿನ ಮಣಿ. ಬಲ್ಬು ಹತ್ತಿಸಿದರೆ ಮಣಿಯ ಒಂದು ಮಗ್ಗುಲು ಬೆಳಗಿ ಇನ್ನೊಂದು ಕಪ್ಪಾಗುತ್ತಿತ್ತು. ಕಿವಿ ಕೊಟ್ಟೆ, ಉಜ್ಜಿದೆ, ಎಳೆದೆ, ತಡೆದೆ. ಗಂಜಿ ಬಸಿದೆ. ಚಂದ್ರ ಎಲ್ಲೂ ನಿಲ್ಲಲಿಲ್ಲ. ಡಬ್ಬಿಯನ್ನು ಮಗುಚಿ ಸೀಮೆಸುಣ್ಣ ಹಿಡಿದೆ. ನಾಳೆ ಸಂಜೆ ನೆನಪಾಯಿತು. ಇಂಟು ಹಾಕಿದೆ.

ಚಂದ್ರ ಸಿಕ್ಕಿಕೊಳ್ಳುತ್ತಾನೆ ಎಂದೆ. ಅಣ್ಣ ಓಡಿಸಿ ನೋಡಿದ. ಸಿಕ್ಕಿಕೊಳ್ಳಲಿಲ್ಲ. ಯಾವಾಗ ಸಿಕ್ಕಿಕೊಂಡದ್ದು ಎಂದು ಕೇಳಿದ. ಅನ್ನ ಕುದಿ ಬರುವಾಗ ಎಂದೆ. ಅವನು ತಲೆಯಾಡಿಸಿದ, ಅಷ್ಟೇ. ಆ ವಾರ ಪ್ರತಿ ಸಂಜೆಯೂ ಬಿಚ್ಚಿದ. ಹಲ್ಲುಚಕ್ರಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದ. ನಾನು ತಿರುಪು ಹಿಡಿದೆ. ಹಗಲೂ ಸಂಜೆಯೂ ನನಗೆ ಜೊತೆ ಸಿಕ್ಕಿತ್ತು. ಸ್ಕೂಲಿನಿಂದ ಓಡಿ ಬಂದು ಸ್ವಲ್ಪ ಹೊತ್ತು ಓಡಿಸುತ್ತಿದ್ದೆ. ಸೆಲ್ಲು ತೀರಿದರೆ ಬೆರಳಿನಿಂದಲೇ ಭೂಮಿಯನ್ನು ಮೆಲ್ಲಗೆ ತಳ್ಳುತ್ತಿದ್ದೆ. ತಿರುಗದ ಆ ಕೊನೆಯ ಮೂರನ್ನೂ ಒಮ್ಮೊಮ್ಮೆ ಕೈಯಲ್ಲೇ ಒಂದು ಸುತ್ತು ಹಾಕಿಸುತ್ತಿದ್ದೆ.

ಅಷ್ಟರಲ್ಲಿ ಸೋಲದೇವನಹಳ್ಳಿಯಿಂದ ಸುದ್ದಿ ಬಂತು, ಹೆಣ್ಣು ಮಗು. ಅಣ್ಣ ಶನಿವಾರ ರಾತ್ರಿ ಹೇಳಿದ, ನಾಳೆ ಚಂದ್ರ ಸರಿಯಾಗಿ ಸುತ್ತಿದರೆ ಮಧ್ಯಾಹ್ನದ ಬಸ್ಸಿಗೆ ಹೋಗಿ ಅಮ್ಮನನ್ನೂ ಮಗುವನ್ನೂ ನೋಡಿ ಬರೋಣ. ಸುತ್ತದಿದ್ದರೆ ಆಗುವುದಿಲ್ಲ. ಬುಧವಾರ ಇದು ಸ್ಕೂಲಿಗೆ ಹೋಗಲೇಬೇಕು, ಮೇಷ್ಟ್ರು ಮಾತು ಕೊಟ್ಟಿದ್ದಾರೆ. ಸರಿಮಾಡುತ್ತ ಕೂರಬೇಕಾಗುತ್ತದೆ.

ಈಗ ಮೊದಲು ಹೇಳಿದ ಆ ಭಾನುವಾರಕ್ಕೆ ಬಂದೆ. ಸೆಲ್ಲು ಕಾಯಿಸಿ, ಅನ್ನಕ್ಕಿಟ್ಟು ಕುಳಿತಿದ್ದೇನೆ. ಚಂದ್ರ ಸುತ್ತುತ್ತಿದ್ದಾನೆ. ನಾನು ಲೆಕ್ಕ ಹಾಕುತ್ತಿದ್ದೇನೆ. ಅಮ್ಮನ ಬಳಿ ಹೋದರೆ ಕತ್ತಲಾಗುವ ಮುಂಚೆ ವಾಪಸು. ಅಮ್ಮ ಬರುವುದಿಲ್ಲ. ಅವಳ ಮಡಿಲಲ್ಲಿ ಹೊಸ ಮಗು, ಪಕ್ಕದಲ್ಲಿ ತಮ್ಮ. ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಅಮ್ಮನೂ ಇರುವುದಿಲ್ಲ, ಇದೂ ಇರುವುದಿಲ್ಲ. ಗಂಜಿ ಬಸಿದು ಬಂದು ಎರಡನೇ ಸಲ ಇಂಟು ಹಾಕಿದೆ.

ಒಗೆದ ಪಂಚೆ ಉಟ್ಟು ಸಿದ್ಧವಾಗಿದ್ದ ಅಣ್ಣ ಅದನ್ನು ಬಿಚ್ಚಿ ಮಡಿಸಿಟ್ಟು, ಹಳೆಯದುಟ್ಟು, ಸೌರಮಂಡಲವನ್ನು ಜಗಲಿಗೆ ಒಯ್ದ. ಬೆಳಕು ಅಲ್ಲಿ ಹೆಚ್ಚು. ಮಧ್ಯಾಹ್ನದ ಬಸ್ಸು ರಸ್ತೆಯಲ್ಲಿ ಹಾರನ್ನು ಹೊಡೆದು ಹೋಯಿತು. ನಾನು ಅಡಿಗೆಮನೆಯಲ್ಲಿ ಸಾರಿಗೆ ಖಾರ ರುಬ್ಬುತ್ತಿದ್ದೆ. ಮುನಿವೆಂಕಟಮ್ಮ ಉಪ್ಪು ಕೇಳಲು ಬಂದಳು. ಸೋಲದೇವನಹಳ್ಳಿಗೆ ಹೊರಡಲಿಲ್ಲವೇ ಎಂದು ಅಣ್ಣನನ್ನು ಕೇಳಿದ್ದು ಕೇಳಿಸಿತು.

"ಇಲ್ಲ ಕಣಕ್ಕ," ಎಂದ ಅಣ್ಣ. "ಇದರಲ್ಲಿ ಏನೋ ತಪ್ಪಿದೆ, ನಂಗೆ ಕಾಣ್ತಿಲ್ಲ. ಮಗೂಗೆ ಕಾಣುತ್ತೆ, ನಂಗೆ ಕಾಣ್ತಿಲ್ಲ. ಕಣ್ಣು ಹೋಗ್ತಾ ಐತೆ ಅನ್ಸುತ್ತೆ. ನಾಳೆ ಮೇಷ್ಟ್ರಿಗೆ ಹೇಳ್ಬಿಡ್ತೀನಿ, ಸಣ್ಣ ಕೆಲಸ ಬ್ಯಾಡ ನಂಗೆ, ಡಬ್ಬಿ ಮಾಡೋ ಕಡೆ ಹಾಕಿ ಅಂತ."

"ಅಯ್ಯೋ, ನಿನ್ನ ವಯಸ್ಸಿಗೆ ಕಣ್ಣೋದ್ರೆ ನಾನು ಗುಡ್ಡ ಅಂತ ತಿಳ್ಕಂಡು ಎಮ್ಮೆ ಮೇಲೆ ಅತ್ತಬೇಕಾಯ್ತದೆ," ಎಂದು ನಕ್ಕಳು ಅವಳು. ಅಣ್ಣ ನಗಲಿಲ್ಲ.

ರುಬ್ಬುಗುಂಡು ನನ್ನ ಕೈಯಲ್ಲಿ ನಿಂತಿತು. ಅವನಿಗೆ ಅವನ ಕೈಗಳೇ ಆಸ್ತಿಯೆಂದು ನನಗೂ ಗೊತ್ತಿತ್ತು. ಬೇರೆಯವರ ಹಲ್ಲುಚಕ್ರ ಕೂರದಿದ್ದರೆ ಮೇಷ್ಟ್ರು ಅವನನ್ನೇ ಕರೆಯುತ್ತಿದ್ದರು ಎನ್ನುವುದನ್ನು ಅಮ್ಮ ಎಷ್ಟು ಸಲ ಹೇಳಿದ್ದಳೋ. ಮುನಿವೆಂಕಟಮ್ಮ ಹೋಗುವ ತನಕ ಕಾದು, ಖಾರದ ಕೈಯಲ್ಲೇ ಜಗಲಿಗೆ ಹೋಗಿ ನಿಂತೆ.

"ಅಣ್ಣ, ಚಂದ್ರ ನಿಲ್ಲಲ್ಲ."

"ಈಗ ನಿಲ್ಲಲ್ಲ. ನೀನು ನೋಡ್ದಾಗ ನಿಲ್ತಲ್ಲ."

"ಆಗ್ಲೂ ನಿಲ್ಲಲಿಲ್ಲ."

ಅವನು ತಲೆಯೆತ್ತಿದ. "ಹೋದ ವಾರ?"

"ಆಗ್ಲೂ ಇಲ್ಲ."

"ಮತ್ಯಾಕೆ ಇಂಟು ಹಾಕ್ದೆ?"

"ರೈಟ್ ಹಾಕಿದ್ರೆ ನೀನು ಅದನ್ನ ತಗೊಂಡು ಹೊಂಟೋಗ್ತಿದ್ದೆ."

ಬಯ್ಯಬಹುದೆಂದು ಕಾದೆ. ಅವನು ಕೈಯಲ್ಲಿದ್ದ ಹಲ್ಲುಚಕ್ರವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಮೇಲೆ ಕೇಳಿದ, ಮೊದಲಿನ ನಾಲ್ಕು?

ಅವು ನಿಜ ಎಂದೆ.

"ಹೆಂಗಮ್ಮ ನಂಬೋದು?" ಎಂದ. ಕೋಪವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ಹೊಡೆದಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಅತ್ತು ಮುಗಿಯುವಷ್ಟರಲ್ಲಿ ಅವನು ಡಬ್ಬಿ ಜೋಡಿಸಿದ್ದ. ಮಗುಚಿ ನನ್ನ ಮುಂದಿಟ್ಟ. ನಾನು ಲಂಗದ ಅಂಚಿನಿಂದಲೇ ಇಂಟು ಒರೆಸಿ ರೈಟು ಹಾಕಿದೆ. ಖಾರದ ಕೈ ತಾಗಿ ಮರದ ಮೇಲೆ ಕೆಂಪು ಉಳಿಯಿತು.

ಸೋಮವಾರ ಅದು ಹೋಯಿತು. ಮುಂದಿನ ಶನಿವಾರ ಕ್ಯಾರಿಯರ್ ಖಾಲಿಯಿತ್ತು. ಮಗಳಿಗೆ ಓದುವುದಿದೆ, ಇನ್ನು ಆಗುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದನಂತೆ. ನಿಜವಾದ ಕಾರಣ ಹೇಳಲಿಲ್ಲ. ಆ ಭಾನುವಾರ ಸೋಲದೇವನಹಳ್ಳಿಗೆ ಹೋದೆವು. ಅಮ್ಮ ನನ್ನ ತಲೆ ಬಾಚುತ್ತ, ಇವಳ ಗ್ರಹಗಳ ಪರೀಕ್ಷೆ ಹೇಗೆ ನಡೀತಿದೆ ಎಂದು ಅಣ್ಣನನ್ನು ಕೇಳಿದಳು. "ಎಲ್ಲ ಸರಿಯಾಗಿ ಸುತ್ತುತಾ ಅವೆ," ಎಂದ ಅಣ್ಣ, ಮಗುವನ್ನು ನೋಡುತ್ತ. ಅಮ್ಮ ಮನೆಗೆ ಬರಲು ಇನ್ನೂ ಎರಡು ತಿಂಗಳಿತ್ತು. ಆ ಸಂಜೆಗಳನ್ನು ಹುಣಸೆಬೀಜದೊಂದಿಗೆ ಕಳೆದೆ.

ಈಗ ನಮ್ಮ ಬೀದಿಯ ಅಂಗಡಿಯಲ್ಲೇ ಪ್ಲಾಸ್ಟಿಕ್ಕಿನ ಸೌರಮಂಡಲ ಸಿಗುತ್ತದೆ, ಡಬ್ಬಿಯ ಮೇಲೆ ಪಾಸಾದ ಚೀಟಿ ಅಂಟಿಸಿಕೊಂಡೇ ಬರುತ್ತದೆ. ಹೋದ ವರ್ಷ ತಂಗಿಯ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ಕೊಂಡೆ. ಅಂದು ಸೋಲದೇವನಹಳ್ಳಿಯಲ್ಲಿ ಹುಟ್ಟಿದ ತಂಗಿಯೇ ಅವಳು. ಅಂಗಡಿಯಲ್ಲಿ ನಿಂತು ಕಿವಿ ಕೊಟ್ಟೆ, ಭೂಮಿಯನ್ನು ಬೆರಳಿನಿಂದ ತಡೆದೆ. ಅಂಗಡಿಯವನು, ಮುರಿದುಹೋಗುತ್ತೆ ಅಮ್ಮ, ಮುಟ್ಟಬೇಡಿ ಎಂದ. ಕಣಗಳಿದ್ದ ಜಾಗದಲ್ಲಿ ಮಹಡಿ ಮನೆಗಳಿವೆ. ಸಂಜೆ ಹೆಸರು ಹಿಡಿದು ಕೂಗುವ ದನಿಗಳೂ ಇಲ್ಲ.

ಕೊನೆಯ ವರ್ಷಗಳಲ್ಲಿ ಅಣ್ಣನಿಗೆ ನಿಜಕ್ಕೂ ಕಣ್ಣಿಗೆ ಪೊರೆ ಬಂತು. ಅಂಗೈಯಲ್ಲಿ ಮಾತ್ರೆ ಹಿಡಿದು ಇದು ಯಾವುದು ಎಂದು ಎಲ್ಲರನ್ನೂ ಕೇಳುತ್ತಿದ್ದ. ತಮ್ಮ ಹೇಳಿದರೆ ನುಂಗುತ್ತಿದ್ದ, ತಂಗಿ ಹೇಳಿದರೂ ನುಂಗುತ್ತಿದ್ದ. ನಾನು, ಬಿಳಿಯದು ಅಣ್ಣ, ಬೆಳಗಿನದು, ಎಂದರೆ ಮಾತ್ರ ಸ್ವಲ್ಪ ತಡೆದು, ತುಟಿಯಂಚಿನಲ್ಲಿ ನಗುತ್ತ, "ನಿಜ ತಾನೆ?" ಎನ್ನುತ್ತಿದ್ದ. ಈಗ ಹಾಗೆ ಕೇಳುವವರಿಲ್ಲ. ನಾನು ಹೇಳಿದ್ದನ್ನು ಎಲ್ಲರೂ ಸುಮ್ಮನೆ ನಂಬಿಬಿಡುತ್ತಾರೆ, ಇಲ್ಲವೇ ಕೇಳಿಸಿಕೊಳ್ಳುವುದೇ ಇಲ್ಲ.

ಇಂಟು ಒರೆಸಿದ ಆ ಭಾನುವಾರ ರಾತ್ರಿ ನಾವು ಉಂಡದ್ದು ಮಧ್ಯಾಹ್ನದ ತಣ್ಣಗಿನ ಅನ್ನ, ಅವರೆಕಾಳಿನ ಸಾರು. ಖಾರ ಸ್ವಲ್ಪ ಹೆಚ್ಚಾಗಿತ್ತು. ಸೆಲ್ಲು ಸುಮ್ಮನೆ ತೀರುತ್ತದೆಂದು ಯಾವಾಗಲೂ ಬಯ್ಯುತ್ತಿದ್ದ ಅಣ್ಣ, ಅಂದು ತಾನೇ ಸೌರಮಂಡಲವನ್ನು ತಂದು ನಮ್ಮಿಬ್ಬರ ತಟ್ಟೆಗಳ ನಡುವೆ ಇಟ್ಟು ಓಡಿಸಿದ. ಊಟ ಮುಗಿಯುವ ತನಕ ಚಂದ್ರ ಸುತ್ತಿದ, ಒಮ್ಮೆಯೂ ನಿಲ್ಲಲಿಲ್ಲ. ಇಬ್ಬರೂ ನೋಡಿದೆವು. ಮೊದಲು ನಿದ್ದೆ ಹೋದವನು ಅಣ್ಣ. ಅಂದು ಅವನು ಗೋಡೆಯ ಕಡೆಗೆ ತಿರುಗಿರಲಿಲ್ಲ.