ಅಮ್ಮನ ಮಾತಿನಲ್ಲಿ ಇಲ್ಲದ ನಾಳೆ

ಸಂಕ್ರಾಂತಿ ಕಳೆದ ವಾರ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ನಿಂತೇಹೋಯಿತು. ಒಂದು ತಿಂಗಳಾದ ಮೇಲೆ ಅದು ಚೂರುಚೂರಾಗಿ ಮರಳತೊಡಗಿದಾಗ, ಅವಳು ತಾನಾಗಿ ಆಡಿದ್ದನ್ನೆಲ್ಲ ನಾನು ತಾರೀಖು ಹಾಕಿ ದಿನಚರಿಯಲ್ಲಿ ಬರೆಯುತ್ತ ಬಂದೆ. ಮಳೆಗೂ ಡೈರಿಗೆ ಹಾಕಿದ ಹಾಲಿಗೂ ಲೆಕ್ಕ ಇಡುವುದು ನನಗೆ ಮೊದಲಿಂದ ಬಂದ ಚಾಳಿ.

ಏಪ್ರಿಲ್ ಮುಗಿಯುವಾಗ ಬರೆದದ್ದನ್ನು ವಿಂಗಡಿಸಿದೆ. ಹಿಂದೆ ನಡೆದದ್ದರ ಮಾತು ಬೇಕಾದಷ್ಟಿತ್ತು: ಬೂಕನಕೆರೆ ಹತ್ತಿರದ ತವರು, ಸತ್ತುಹೋದ ಎಮ್ಮೆ, ನನ್ನ ಬಾಣಂತನ. ಈ ಹೊತ್ತಿನದೂ ಇತ್ತು: ನೀರು, ಫ್ಯಾನು, ಸೊಳ್ಳೆ. ಮುಂದೆ ಆಗಬೇಕಾದದ್ದು ಒಂದೂ ಇರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಮಾತು ಕಲಿಸುವ ಮೇಡಂ ಒಬ್ಬರ ಹತ್ತಿರ ಪ್ರತಿ ಗುರುವಾರ ಹೋಗುತ್ತಿದ್ದೆವು. ನಿನ್ನೆ ಏನು ತಿಂದಿರಿ ಎಂದರೆ ಅಮ್ಮ, "ಮುದ್ದೆ, ಸೊಪ್ಪಿನ ಸಾರು" ಅನ್ನುತ್ತಿದ್ದಳು. ನಾಳೆ ಏನು ಮಾಡ್ತೀರಿ ಎಂದರೆ ತುಟಿ ಬಿಗಿದು ಗೋಡೆ ನೋಡುತ್ತಿದ್ದಳು.

"ವಾಕಿಂಗ್ ಮಾಡ್ತಾಳೆ ಮೇಡಂ," ಎಂದು ಅಪ್ಪ ಬಾಯಿ ಹಾಕುತ್ತಿದ್ದರು.

"ಯಜಮಾನ್ರೇ, ಪರೀಕ್ಷೆ ನಿಮಗಲ್ಲ."

ಒಂದು ಗುರುವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ನೆನಪು ಮಾಡಿಕೊಳ್ಳುವುದಕ್ಕೂ ಮುಂದಿನದನ್ನು ಕಲ್ಪಿಸಿಕೊಳ್ಳುವುದಕ್ಕೂ ಮಿದುಳಿನಲ್ಲಿ ಹೆಚ್ಚುಕಡಿಮೆ ಅವೇ ಜಾಗಗಳು ದುಡಿಯುತ್ತವಂತೆ. "ಇವರಿಗೆ ನೆನಪು ಚೆನ್ನಾಗಿದೆ. ನಾಳೆ ಅನ್ನೋ ಪದವೂ ಇದೆ. ಆ ನಾಳೇಲಿ ತಾವು ಇರ್ತೀವಿ ಅಂತ ಅನ್ನಿಸ್ತಿಲ್ಲವೇನೋ. ಅವರಿಗೇ ಬೇಕು ಅನ್ನಿಸದಿದ್ರೆ ಕೈಯೂ ಮಾತೂ ಇಲ್ಲಿಗೇ ನಿಲ್ಲಬಹುದು." ವಾಪಸು ಬರುವಾಗ ಪಾಂಡವಪುರದವರೆಗೂ ನಾನು ಅಮ್ಮನ ಮುಖ ನೋಡಲಿಲ್ಲ.

ಜುಲೈನಲ್ಲಿ ನಾಲೆಗೆ ನೀರು ಬಿಟ್ಟರು. ಅಪ್ಪ ಬಿತ್ತನೆ ಭತ್ತ ನೆನೆಹಾಕಿ, ಗೋಣಿಚೀಲಕ್ಕೆ ತುಂಬಿ, ಮೇಲೆ ಹುಲ್ಲು ಹೊದಿಸಿ ಕಲ್ಲು ಹೇರಿದರು. ಹೀಗೆ ಕಟ್ಟಿಟ್ಟರೆ ಒಳಗೆ ಬಿಸಿಯೇರಿ ಮೊಳಕೆ ಬರುತ್ತದೆ. ಅದನ್ನೇ ಒಟ್ಲಿಗೆ, ಅಂದರೆ ಸಸಿಮಡಿಗೆ, ಚೆಲ್ಲುವುದು. ನಮ್ಮ ಮನೆಯಲ್ಲಿ ಕಟ್ಟುವುದು ಅಪ್ಪ, ಕೈಯಿಟ್ಟು ನೋಡಿ ಹದ ಹೇಳುವುದು ಅಮ್ಮ. ಆ ವರ್ಷ ಅಪ್ಪ ಅವಳನ್ನು ಕೇಳಲಿಲ್ಲ. ಮಾರನೆಯ ದಿನವೇ ಬಿತ್ತೋಣ ಬಾ ಎಂದು ಪಕ್ಕದ ಗದ್ದೆಯವನಿಗೆ ಹೇಳಿಯೂ ಬಿಟ್ಟಿದ್ದರು. ಎರಡು ದಿನದಿಂದ ಮೋಡ ಕವಿದು ಚಳಿಗಾಳಿ ಬೀಸುತ್ತಿದ್ದುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಸಂಜೆ ಅಮ್ಮನನ್ನು ನಡೆಸಿಕೊಂಡು ಜಗಲಿಗೆ ಬಂದೆ. ನೀರು ಚಿಮುಕಿಸಲೆಂದು ಅಪ್ಪ ಕಲ್ಲು ಇಳಿಸಿ ಬಾಯಿ ಬಿಚ್ಚಿದ್ದ ಚೀಲದ ಹತ್ತಿರ ಬಂದವಳು ನಿಂತಳು. ನನ್ನ ಭುಜ ಬಿಟ್ಟು, ಕಂಬಕ್ಕೆ ಒರಗಿ, ಹುಲ್ಲು ಸರಿಸಿ ಎಡಗೈಯನ್ನು ಭತ್ತದೊಳಗೆ ಮಣಿಕಟ್ಟಿನವರೆಗೂ ತೂರಿಸಿದಳು. ಬಹಳ ಹೊತ್ತು ತೆಗೆಯಲಿಲ್ಲ. ಅಪ್ಪ ಹಗ್ಗ ಸುತ್ತುತ್ತಿದ್ದವರು ಹಾಗೇ ನಿಂತರು.

"ಬಿಸಿ ಇಲ್ಲ," ಅಂದಳು. ಆಮೇಲೆ, "ನಾಳೆ ಬ್ಯಾಡ. ನಾಳಿದ್ದು."

ಆರು ತಿಂಗಳಿಂದ ನಾವು ಬಾಗಿಲಲ್ಲಿ ನಿಂತು ಕೂಗಿ ಕರೆದರೂ ಬಾರದ ನಾಳೆ, ಅಂಗೈಯ ದಾರಿ ಹಿಡಿದು ಒಳಗೆ ಬಂದಿತ್ತು. ಕತ್ತಲಲ್ಲಿ ಸಿಪ್ಪೆ ಬಿರಿಯಲಿರುವ ಭತ್ತವೂ, ಬರಲಿರುವ ಹೊತ್ತನ್ನು ಮುಟ್ಟಿ ತಿಳಿಯುವ ಮಿದುಳೂ ನನಗೆ ಒಂದೇ ಸಮನಾದ ಬೆರಗಾಗಿ ಕಂಡವು. ಎಷ್ಟು ಬರೆದಿಟ್ಟರೂ ಅಳತೆಗೆ ಸಿಗುವಂಥದಲ್ಲ ಅದು.

ಅಪ್ಪ ಪಕ್ಕದ ಗದ್ದೆಯವನಿಗೆ ಫೋನು ಮಾಡಿದರು. "ಲೇ, ನಾಳೆ ಬರಬ್ಯಾಡ ಕಣ್ಲಾ. ನಾಳಿದ್ದು ಬಾ."

"ಯಾರಣ್ಣ ಹೇಳಿದ್ದು?" ಆ ಕಡೆಯ ಮಾತು ನಮಗೂ ಕೇಳುತ್ತಿತ್ತು.

"ನಮ್ಮನೇಲಿ."

"ಅತ್ತಿಗೆ ಮಾತಾಡ್ತಾವ್ರಾ?"

"ಮೊಳಕೆ ನೆಟ್ಟಗೆ ಕಟ್ಟಿಲ್ಲ ಅಂತ ನನ್ನೇ ಬೈದ್ಲು," ಎಂದು ಅಪ್ಪ ಇಲ್ಲದ್ದನ್ನೂ ಸೇರಿಸಿದರು.

ಫೋನು ಜೇಬಿಗಿಟ್ಟು ಅಮ್ಮನ ಕಡೆ ತಿರುಗಿದರು. ಈ ಸಲ ಅವಳ ಪರವಾಗಿ ಉತ್ತರ ಹೇಳಲಿಲ್ಲ. "ಬೆಳಿಗ್ಗೆ ಬಿತ್ತುಮಾ, ಸಂಜೆನಾ?"

"ಸಂಜೆ."

ಅಪ್ಪ ಆಯಿತೆಂದು ತಲೆಯಾಡಿಸಿ ಹುಲ್ಲನ್ನು ಮತ್ತೆ ಹೊದಿಸತೊಡಗಿದರು. ಅಮ್ಮ ಇನ್ನೂ ಏನೋ ಹುಡುಕುತ್ತಿದ್ದಳು. ಅವಳ ತುಟಿ ಎರಡು ಸಲ ಅಲುಗಿ ನಿಂತಿತು. ನಾವು ಕಾದೆವು.

"ನಾನೂ ಬತ್ತೀನಿ," ಅಂದಳು. "ಕುರ್ಚಿ ಹಾಕ್ಕೊಡಿ, ಬದುವಿನ ಮ್ಯಾಲೆ."